ಕಾಳಿನ ತಟ್ಟೆಯಲ್ಲಿ ಕಲ್ಲು

ನವೆಂಬರ್ ೧೫, ಶುಕ್ರವಾರ. ಬೆಳಿಗ್ಗೆ

ಪೂಜೆ ಮುಗಿಯಿತು. ಹಾಲಿನವನು ಇವತ್ತೂ ತಡ. ನೀರು ಬೆರೆಸಲು ಹೊತ್ತು ಬೇಕಲ್ಲ. ನಮ್ಮ ಅಕ್ಕಿ ಮಿಲ್ಲಿನ ಮುಂದೆ ಭತ್ತದ ಲಾರಿ ಸಾಲು ನಿಂತಿದೆ, ಮಗ ಪಂಪಾಪತಿ ಇನ್ನೂ ಫೋನು ತೀಡುತ್ತ ಕೂತಿದ್ದ. ಬೈದೆ. ಎದ್ದು ಹೋದ.

ಸೊಸೆ ಅನುರಾಧಾ ರೊಟ್ಟಿ ಬಡಿಯುತ್ತ ನಾಳೆಯ ಮಾತು ತೆಗೆದಳು. ಕಲ್ಲೂರಿನ ಆಚೆ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಅವಳು. ಶನಿವಾರ ಮಕ್ಕಳಿಗೆ ಪುಸ್ತಕದ ಚೀಲವಿಲ್ಲ. ಆ ದಿನ ಹಳೆಯ ಕಾಲದ ಲೆಕ್ಕದ ಒಗಟು ಹಾಕುತ್ತಾಳೆ, ಹಿರಿಯರನ್ನೂ ಕರೆಸುತ್ತಾಳೆ. ಹೋದ ವಾರ ನಾನು ಹೋಗಿ ಹುಲಿ, ಮೇಕೆ, ಹುಲ್ಲಿನ ಕಟ್ಟು, ಒಂದೇ ದೋಣಿ — ಆ ಒಗಟು ಹೇಳಿಬಂದೆ. ಮಕ್ಕಳು ಬೆಂಚು ಸರಿಸಿ ನಡುವೆ ಹೊಳೆ ಮಾಡಿಕೊಂಡು ಆಡಿದವು. ಮೇಕೆಯಾದ ಹುಡುಗ ನಿಜವಾಗಿ ಒದರಿದ. ನಗು ಬಂತು, ತಡೆದುಕೊಂಡೆ.

"ನಾಳಿಗೆ ಏನ್ ಹೇಳ್ತೀರಿ ಅತ್ತಿ? ಬ್ಯಾರೆ ಶಾಲಿ ಮಾಸ್ತರೂ ನೋಡಾಕ ಬರಾಕತ್ತಾರ."

"ನಮ್ಮಪ್ಪನ ಕಲ್ಲಿನ ಲೆಕ್ಕ."

"ಅದಕ್ಕ ಇನ್ನೊಂದು ಉತ್ತರನೂ ಅದ ಅತ್ತಿ. ತಕ್ಕಡಿ—"

"ನಮ್ಮಪ್ಪನ ಲೆಕ್ಕಕ್ಕ ಒಂದೇ ಉತ್ತರ."

ರೊಟ್ಟಿ ಮಗುಚಿದಳು. ಬಿ.ಎಡ್. ಮಾಡಿದವರಿಗೆ ಎಲ್ಲದಕ್ಕೂ ಎರಡೆರಡು ಉತ್ತರ.

ನವೆಂಬರ್ ೧೬, ಶನಿವಾರ

ಚೆನ್ನಾಗಿ ಆಯಿತು.

ಒಂದು ಸೇರಿನಿಂದ ನಲವತ್ತು ಸೇರಿನವರೆಗೆ ಯಾವ ತೂಕ ಕೇಳಿದರೂ ತೂಗಿ ಕೊಡಬೇಕು. ಕಡಿಮೆ ಅಂದರೆ ತೂಕದ ಕಲ್ಲು ಎಷ್ಟು ಬೇಕು? ಇದು ಒಗಟು. ಸೇರು ಅಂದರೇನು ಎಂದು ಕೇಳಿದವು. ಕಿಲೋ ಅಂತಲೇ ತಿಳಿಯಿರಿ ಅಂದೆ. ಒಬ್ಬ "ನಲವತ್ತು ಕಲ್ರಿ" ಅಂದ. "ಅಷ್ಟು ಹೊರಾಕ ನಿಮ್ಮಪ್ಪನ್ನ ಕರಕೊಂಡು ಬಾ" ಅಂದೆ. ಕ್ಲಾಸೆಲ್ಲ ನಗು. ಕೊನೆಗೆ ಹಿರೇಕೊಟ್ನೆಕಲ್‌ನಿಂದ ಬಂದಿದ್ದ ಮಾಸ್ತರರು ಆರು ಎಂದರು — ಒಂದು, ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು. ಸರಿ. ನಮ್ಮಪ್ಪ ದೇವದುರ್ಗದಲ್ಲಿ ಕಾಳಿನ ಅಂಗಡಿ ನಡೆಸಿದ್ದು ಆ ಆರೇ ಕಲ್ಲಿನಲ್ಲಿ. ಪ್ರತಿ ಗಿರಾಕಿಗೂ ಅಡಿಯಲ್ಲಿ ಕಲ್ಲು ಅಡಗಿಲ್ಲವೆಂದು ಕಾಳಿನ ತಟ್ಟೆ ಮಗುಚಿ, ಬೆರಳಲ್ಲಿ ತಟ್ಟಿ ತೋರಿಸಿ, ಆಮೇಲೆಯೇ ತೂಗುತ್ತಿದ್ದ. ಅದನ್ನೂ ಹೇಳಿದೆ. ಮಾಸ್ತರರು ಚಪ್ಪಾಳೆ ತಟ್ಟಿದರು.

ಒಬ್ಬ ಹುಡುಗಿ ಎದುರಾಡಿದಳು. ಸೌಭಾಗ್ಯ ಅಂತೆ, ಒಂಬತ್ತನೆಯ ತರಗತಿ, ದೇವದುರ್ಗದ ಕಡೆಯವಳು, ಹಾಸ್ಟೆಲಿನಲ್ಲಿ ಇರುತ್ತಾಳೆ. ತಿಳಿವಳಿಕೆ ಹೇಳಿ ಕೂರಿಸಿದೆ.

ಇಪ್ಪತ್ತೇಳಕ್ಕೆ ರಾಯಚೂರಿನಲ್ಲಿ ಗಣಿತ ಶಿಕ್ಷಕರ ಕಾರ್ಯಾಗಾರವಂತೆ. ಅಲ್ಲಿಯೂ ಒಗಟು ಹೇಳಬೇಕೆಂದು ಹೆಡ್‌ಮಾಸ್ತರ ವಿರೂಪಣ್ಣನವರು ಕೇಳಿಕೊಂಡರು. ಒಪ್ಪಿದೆ. ಎಸ್ಸೆಸ್ಸೆಲ್ಸಿ ಓದಿದವಳು ನಾನು, ಮಾಸ್ತರರಿಗೆ ಪಾಠ!

ಬರುವಾಗ ಕಾರಿನಲ್ಲಿ ಅನುರಾಧಾ ಮಾತಾಡಲಿಲ್ಲ. ತಲೆನೋವಿರಬೇಕು.

ನವೆಂಬರ್ ೧೯, ಮಂಗಳವಾರ

ತಲೆನೋವಲ್ಲ.

ಊಟಕ್ಕೆ ಬಡಿಸುತ್ತ ಹೇಳಿದಳು. ಆ ಹುಡುಗಿಗೆ ಶಾಲೆಯಲ್ಲಿ ಹೆಸರು ಇಟ್ಟಿದ್ದಾರಂತೆ. "ಕಳ್ಳ ತಕ್ಕಡಿ." ಬೋರ್ಡಿನ ಮೇಲೆ ಬರೆದಿದ್ದರಂತೆ. ಹಾಸ್ಟೆಲಿನಲ್ಲಿ ಅನ್ನಕ್ಕೆ ತಟ್ಟೆ ಹಿಡಿದರೆ, "ಲೇ, ತಟ್ಟಿ ಮಗುಚಿ ನೋಡ್ರಿ, ಕಲ್ಲು ಇಟ್ಟಾಳೇನು" ಅನ್ನುತ್ತಾರಂತೆ.

"ಹುಡುಗರು ಹಂಗ. ಎರಡ್ ದಿನ ಅಂತಾವ, ಬಿಡ್ತಾವ" ಅಂದೆ.

"ಹುಡುಗರು ಹುಟ್ಟಿಸಿದ ಮಾತಲ್ಲ ಅತ್ತಿ ಅದು."

ಪಂಪಾಪತಿ ತಲೆ ಎತ್ತಿ ನನ್ನ ನೋಡಿದ. ಮಜ್ಜಿಗೆ ಬೇಡವೆಂದು ಎದ್ದೆ.

ನವೆಂಬರ್ ೨೦, ಬುಧವಾರ

ಶನಿವಾರದ ಬರಹ ಸುಳ್ಳು. ತಿಳಿವಳಿಕೆ ಹೇಳಿ ಕೂರಿಸಲಿಲ್ಲ. ಯಾರೂ ಓದದ ಜಾಗದಲ್ಲೂ ಸುಳ್ಳು ಬರೆದೆನಲ್ಲ. ಆದದ್ದು ಹೀಗೆ.

ಆ ಹುಡುಗಿ ಎದ್ದು ನಿಂತಳು. "ನಾಲ್ಕ ಸಾಕ್ರಿ ಅಮ್ಮಾರ. ಒಂದು, ಮೂರು, ಒಂಬತ್ತು, ಇಪ್ಪತ್ತೇಳು."

"ಎರಡು ಸೇರು ಹ್ಯಾಂಗ ತೂಗ್ತಿ?"

"ಈ ಕಡಿ ಮೂರರ ಕಲ್ಲು. ಆ ಕಡಿ ಕಾಳಿನ ಜೋಡಿ ಒಂದರ ಕಲ್ಲು. ಸಮ ನಿಂತ್ರ ಕಾಳು ಎರಡು ಸೇರು ಆತಲ್ರಿ."

ಅವಳು ಅಷ್ಟು ಹೇಳಿದ ಕೂಡಲೇ ನನಗೆ ತಿಳಿಯಿತು. ಇದನ್ನು ಬರೆಯಲೇಬೇಕು — ತಿಳಿಯಿತು. ಮೂರರಲ್ಲಿ ಒಂದು ಹೋದರೆ ಎರಡು. ಐದು ಬೇಕೆಂದರೆ ಒಂಬತ್ತು ಈ ಕಡೆ, ಕಾಳಿನ ಜೊತೆ ಮೂರು ಮತ್ತು ಒಂದು. ಮನಸ್ಸು ತಾನಾಗಿ ಮುಂದಕ್ಕೆ ಓಡಿತು. ಎಲ್ಲೂ ತಪ್ಪಿಲ್ಲ. ಕಾಳಿನ ತಟ್ಟೆಗೆ ಕಲ್ಲು ಮುಟ್ಟಿಸಬಾರದು ಅನ್ನುವುದು ಅಂಗಡಿಯ ನೇಮ, ಲೆಕ್ಕದ ನೇಮವಲ್ಲ. ಅನುರಾಧಾ ಹಿಂದಿನ ದಿನವೇ ಹೇಳಲು ಬಂದಿದ್ದಳು.

ಆದರೆ ನನಗೆ ಚಪ್ಪಾಳೆ ತಟ್ಟಿದ ಮಾಸ್ತರರೆಲ್ಲ ಅವಳ ಕಡೆ ತಿರುಗಿ ಕೂತಿದ್ದರು.

"ಕಾಳಿನ ತಟ್ಟ್ಯಾಗ ಕಲ್ಲು ಇಡೋರು ಯಾರು ಗೊತ್ತೇನ? ಕಳ್ಳರು. ನಿಮ್ಮ ಮನ್ಯಾಗ ಇದನ್ನ ಕಲಿಸ್ಯಾರೇನು?"

ಮಕ್ಕಳು ಬಿದ್ದು ಬಿದ್ದು ನಕ್ಕವು. ಮಾಸ್ತರರೂ ನಕ್ಕರು — ಮಿಲ್ಲಿನ ಅಮ್ಮಾರು ಹೇಳಿದ ಮೇಲೆ ನಗಬೇಕಲ್ಲ. ಹುಡುಗಿ ಅಳಲಿಲ್ಲ. ಕೂರು ಅನ್ನುವವರೆಗೆ ನಿಂತೇ ಇದ್ದಳು. ಕೂರು ಅಂತ ನಾನು ಬೇಗ ಹೇಳಲಿಲ್ಲ.

ತಿಳಿಯದೆ ಅಂದಿದ್ದರೆ ಬೇರೆ. ತಿಳಿದ ಮೇಲೆ ಅಂದೆ.

ನವೆಂಬರ್ ೨೨, ಶುಕ್ರವಾರ. ಸಂಜೆ

ಹುಡುಗಿ ಹಾಸ್ಟೆಲ್ ಬಿಟ್ಟು ಊರಿಗೆ ಹೋಗಿದ್ದಾಳೆ. ಅವಳ ಅಪ್ಪ ಬೂದೆಪ್ಪ ಹೆಂಡತಿಯನ್ನೂ ಕರೆದುಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಆಳುಗಳ ಜೊತೆ ಹೋಗುವವನು. ಒಂದನೇ ತಾರೀಕು ಬಸ್ಸಂತೆ. ಈ ಸಲ ಮಗಳೂ ಬರುತ್ತೇನೆ ಅಂದಿದ್ದಾಳಂತೆ. ಒಮ್ಮೆ ಇಟ್ಟಿಗೆ ಹೊರಲು ಹೋದ ಹುಡುಗಿ ಮತ್ತೆ ಹತ್ತನೆಯ ತರಗತಿ ಮುಟ್ಟುವುದಿಲ್ಲ. ಎಷ್ಟು ಜನರನ್ನು ನೋಡಿಲ್ಲ ನಾನು.

ನಿನ್ನೆ ಅನುರಾಧಾಳ ಕೈಯಲ್ಲಿ ಒಂದು ಜೊತೆ ಚೂಡಿದಾರದ ಬಟ್ಟೆ ಕಳಿಸಿದ್ದೆ. ಒಳ್ಳೆಯದೇ. ಅಮ್ಮಾರು ಕೊಟ್ಟರು, ಮನಸ್ಸಿಗೆ ಹಚ್ಚಿಕೊಳ್ಳಬೇಡ ಅಂದರು ಎಂದು ಹೇಳು ಅಂದೆ. ದೇವದುರ್ಗದವರೆಗೆ ಹೋಗಿ ಬಂದಳು ಪಾಪ. ಬಟ್ಟೆಯೂ ವಾಪಸು ಬಂತು.

"ಏನಂದಳು?"

"ಅಕಿ ಏನೂ ಅನ್ಲಿಲ್ಲ. ಅವರವ್ವ ಅಂದಳು — ಬಟ್ಟಿ ನಮ್ಮತ್ರ ಅದಾವ್ರಿ, ಅಂತ."

ನವೆಂಬರ್ ೨೭, ಬುಧವಾರ

ರಾಯಚೂರಿಗೆ ಹೋಗಿ ಬಂದೆ. ಬರೆಯಲು ಕೈ ಬರುತ್ತಿಲ್ಲ.

ದೊಡ್ಡ ಹಾಲ್. ಮೂರೂ ಕಡೆಯ ಶಿಕ್ಷಕರು — ರಾಯಚೂರು, ಮಾನ್ವಿ, ದೇವದುರ್ಗ. ಕಾರಿನಲ್ಲಿಯೇ ನಿಶ್ಚಯ ಮಾಡಿದ್ದೆ. ಎಲ್ಲ ಹೇಳಿಬಿಡುವುದು. ಮೈಕು ಕೈಗೆ ಬಂತು. ಒಗಟು ಹೇಳಿದೆ. ಆರು ಅಂದರು. "ಅಲ್ಲ. ನಾಲ್ಕು" ಅಂದೆ. ಗುಜುಗುಜು ಎದ್ದಿತು. ತಕ್ಕಡಿ ತರಿಸಿದ್ದೆ, ತೂಗಿ ತೋರಿಸಿದೆ. ಎರಡು. ಐದು. ಹದಿನಾಲ್ಕು. ಒಬ್ಬ ಹೆಣ್ಣುಮಗಳು, ನಿಗಾರ್ ಅಂತ, ಉರ್ದು ಶಾಲೆಯ ಟೀಚರ್, ಎದ್ದು ಬಂದು ಕೈ ಹಿಡಿದಳು. "ವಾಹ್ ಅಮ್ಮಾ! ಈ ವಯಸ್ಸಿನ್ಯಾಗ ನಿಮ್ಮ ದಿಮಾಗ್ ಏನದ್ರಿ!"

ಆಗ ಹೇಳಬೇಕಿತ್ತು. ಇದು ನನ್ನದಲ್ಲ ಅಂತ.

"ಒಬ್ಬ ಹುಡುಗಿ ಹಿಂಗ ಯೋಚನಿ ಮಾಡಿದ್ಲು" ಅಂದೆ. ಅಷ್ಟೇ. ಹೆಸರಿಲ್ಲ. ನಾನು ಅವಳಿಗೆ ಏನಂದೆ ಅನ್ನುವುದನ್ನೂ ಹೇಳಲಿಲ್ಲ. ಅದನ್ನೂ ದೊಡ್ಡವರ ವಿನಯ ಅಂದುಕೊಂಡರು. ಇನ್ನಷ್ಟು ಚಪ್ಪಾಳೆ. ಶಾಲು ಹೊದಿಸಿದರು. ಹೊದಿಸಿಕೊಂಡೆ. ಫೋಟೋಕ್ಕೆ ಸೆರಗು ಸರಿಮಾಡಿಕೊಂಡು ನಿಂತೆ ಕೂಡ.

ವಾಪಸು ಬರುವಾಗ ಕಾರು ಕಲ್ಲೂರು ದಾಟಿತು. ಆಮೇಲೆ ಅನುರಾಧಾ ಕಿಟಕಿಯ ಕಡೆ ನೋಡುತ್ತಲೇ ಅಂದಳು, "ಶಾಲು ಚಂದ ಅದ ಅತ್ತಿ."

ಮೂವತ್ತೆರಡು ವರ್ಷದಿಂದ ಈ ಮನೆಯಲ್ಲಿ ನನಗೆ ಯಾರೂ ಹಾಗೆ ಮಾತಾಡಿಲ್ಲ. ಬೈಯಲು ಬಾಯಿ ತೆರೆದೆ. ಶಾಲು ತೆಗೆದು ಮಡಚಿ ಸೀಟಿನ ಮೇಲಿಟ್ಟೆ.

ನವೆಂಬರ್ ೨೮, ಗುರುವಾರ

ಬೆಳಿಗ್ಗೆ ಡ್ರೈವರ್ ಅಮರೇಶನಿಗೆ ದೇವದುರ್ಗಕ್ಕೆ ಹೊರಡು ಅಂದೆ. "ತವರ ಮನಿಗೇನ್ರಿ ಅಮ್ಮಾರ? ಹೋಳಿಗಿ ಸಿಗ್ತದೇನ್ರಿ?" ಅಂದ. ಸಿಗುತ್ತದೆ, ನಡಿ ಅಂದೆ.

ಊರು ದಾಟಿ ಮಣ್ಣಿನ ದಾರಿ. ಕೆಳಗೆ ಕಾರು ನಿಲ್ಲಿಸಿ ನಡೆದೆ. ಹುಡುಗಿಯ ತಾಯಿ ಹಣಮಮ್ಮ ಬಾಗಿಲಲ್ಲಿ ಕೂತು ಗೋಣಿಚೀಲ ಹೊಲಿಯುತ್ತಿದ್ದಳು. ಬೆಂಗಳೂರಿಗೆ ಸಾಮಾನು ಕಟ್ಟಲು. ನನ್ನ ನೋಡಿ ಎದ್ದಳು. ಯಾರೆಂದು ಕೇಳಲಿಲ್ಲ.

"ಬರ್ರಿ ಯವ್ವಾ. ನೀರು ಕುಡೀತೀರೇನ್ರಿ, ನಮ್ಮ ಮನ್ಯಾಗ?"

ಒರೆ ಹಚ್ಚುವ ಮಾತು. "ಕೊಡು" ಅಂದೆ. ಕುಡಿದೆ.

"ನಿನ್ನ ಮಗಳ ಲೆಕ್ಕ ಸರಿ ಇತ್ತು" ಅಂದೆ.

"ಅದು ಅಕೀಗೆ ಗೊತ್ತದ್ರಿ."

"ನಾ ಅಂದದ್ದು ತಪ್ಪಾತು."

ಸೂಜಿ ಕೆಳಗಿಟ್ಟಳು. "ಮನ್ಯಾಗ ಇದನ್ನ ಕಲಿಸ್ಯಾರೇನು ಅಂದ್ರಂತ. ನಮ್ಮ ಮನ್ಯಾಗ ತಕ್ಕಡೀನೇ ಇಲ್ರಿ ಯವ್ವಾ. ತೂಗಾಕ ಏನದ ನಮ್ಮತ್ರ? ನೀವು ತೂಗಿ ಕೊಟ್ಟಷ್ಟು ತರ್ತೀವಿ. ಒಂದು ದಿನಾನೂ ತಟ್ಟಿ ಮಗುಚಿ ತೋರಸ್ರಿ ಅಂದಿಲ್ಲ."

ನೆಲ ನೋಡಿದೆ. ನೆಲ ನೋಡಿ ನನಗೆ ಅಭ್ಯಾಸವಿಲ್ಲ.

ಅಷ್ಟರಲ್ಲಿ ಸೌಭಾಗ್ಯ ಬಂದಳು. ಹತ್ತಿ ಬಿಡಿಸಲು ಹೋಗಿದ್ದಳು. ಉಡಿಯ ತುಂಬ ಹತ್ತಿ, ಕೂದಲಲ್ಲೂ ಹತ್ತಿ. ನನ್ನ ನೋಡಿ ಬಾಗಿಲಾಚೆಯೇ ನಿಂತಳು.

"ಸಾಲಿಗೆ ಬಾ" ಅಂದೆ. ಅಪ್ಪಣೆ ಕೊಟ್ಟ ಹಾಗೆ ಬಂತು ಮಾತು. ನನ್ನ ನಾಲಿಗೆಗೆ ಬೇರೆ ರೀತಿ ತಿಳಿಯದು. "ನಂದು ತಪ್ಪಾತವ್ವ, ಬಾ."

ಹುಡುಗಿ ತಾಯಿಯನ್ನು ನೋಡಿದಳು. ತಾಯಿ ಅಂದಳು, "ಇಲ್ಲಿ ಯಾರದಾರ್ರಿ ಕೇಳಾಕ? ನಾನು, ಈ ಕೋಳಿ. ಕಳ್ಳಿ ಅಂದದ್ದು ಸಾಲಿ ಮುಂದ. ತಪ್ಪಾತು ಅನ್ನೋದು ಮನಿ ಮುಂದೇನ್ರಿ? ಅಲ್ಲಿ ಅಂದದ್ದು ಅಲ್ಲೇ ಅನ್ರಿ. ಇಕಿ ಕಿವಿಲೇ ಕೇಳ್ಲಿ. ಆಮ್ಯಾಲ ಸಾಲ್ಯಾಗ ಇರ್ತಾಳೋ, ನಮ್ಮ ಜೋಡಿ ಬಸ್ ಹತ್ತತಾಳೋ, ಇಕೀಗೆ ಬಿಟ್ಟದ್ದು."

"ಶನಿವಾರ ಬರ್ರಿ" ಅಂದೆ.

ಕಾರು ಹತ್ತಿದ ಮೇಲೆ ಅಮರೇಶ ಹೋಳಿಗೆಯ ಮಾತು ಎತ್ತಲಿಲ್ಲ. ಮುಖ ನೋಡಿರಬೇಕು.

ನವೆಂಬರ್ ೨೯, ಶುಕ್ರವಾರ

ವಿರೂಪಣ್ಣನವರು ಫೋನು ಮಾಡಿದ್ದರು. ನಾಳೆ ನಾನು ಎಲ್ಲರ ಮುಂದೆ ತಪ್ಪೊಪ್ಪಿಕೊಳ್ಳುವ ವಿಷಯ ಅನುರಾಧಾ ಅವರಿಗೆ ಹೇಳಿದ್ದಾಳೆ. "ಅಮ್ಮಾರ, ನಿಮ್ಮಂಥೋರು ಮಕ್ಕಳ ಮುಂದ ಹಂಗ ನಿಂದರೋದು ಶೋಭಾ ಅಲ್ರಿ. ನಾನೇ ಒಂದು ಮಾತು ಹೇಳಿಬಿಡ್ತೀನಿ, ಮುಗೀತದ." ಒಂದು ಕ್ಷಣ — ಒಂದು ಕ್ಷಣವೇಕೆ, ಸಾಕಷ್ಟು ಹೊತ್ತು — ಹೂಂ ಅನ್ನಬೇಕೆನಿಸಿತು. ಪಂಪಾಪತಿಯೂ ಅದನ್ನೇ ಅಂದ. ಮಿಲ್ಲಿನ ಹೆಸರು, ಊರಿನ ಬಾಯಿ, ಇತ್ಯಾದಿ. ನಾನೇ ಕಲಿಸಿದ ಮಾತುಗಳು ಎಲ್ಲ.

ಅನುರಾಧಾ ನಾಳೆ ನಾನು ಉಡುವ ಸೀರೆ ತೆಗೆದಿಟ್ಟು ಹೋದಳು. ನೂಲಿನದು.

ನವೆಂಬರ್ ೩೦, ಶನಿವಾರ. ಮಧ್ಯಾಹ್ನ

ಪ್ರಾರ್ಥನೆ ಮುಗಿದ ಮೇಲೆ ನನ್ನನ್ನು ಮುಂದೆ ನಿಲ್ಲಿಸಿದರು. ಬಿಸಿಲು ಮುಖಕ್ಕೆ. ಮಕ್ಕಳ ಸಾಲು. ಗೇಟಿನ ಹತ್ತಿರ ಹಣಮಮ್ಮ, ಬಗಲಲ್ಲಿ ಬಟ್ಟೆಯ ಗಂಟು. ಹುಡುಗಿ ಯೂನಿಫಾರಂ ಹಾಕಿರಲಿಲ್ಲ.

ಮೈಕು ಬೇಡ ಅಂದೆ.

"ನಾನು ಈ ಸಾಲ್ಯಾಗ ಒಂದು ಒಗಟು ಹೇಳಿದ್ದೆ. ಆರು ಕಲ್ಲು ಅಂದಿದ್ದೆ. ಸೌಭಾಗ್ಯ ನಾಲ್ಕು ಅಂದ್ಲು. ಅಕಿದು ಸರಿ. ಸರಿ ಅಂತ ನನಗ ಆವಾಗ ಗೊತ್ತಾಗಿತ್ತು. ಗೊತ್ತಾಗಿ ಅಕೀಗೆ ಕಳ್ಳಿ ಅಂದೆ. ನೀವು ನಕ್ಕಿರಿ, ಅದರ ತಪ್ಪೂ ನಂದೇ. ರಾಯಚೂರಾಗ ಅಕಿ ಉತ್ತರ ಹೇಳಿ ನಾನು ಶಾಲು ಹೊದ್ದು ಬಂದೆ. ಯಾರರ ಕಳ್ಳರಿದ್ರ ಈ ವಿಷಯದಾಗ, ಅದು ನಾನು."



ವಿರೂಪಣ್ಣನವರು ಮುಂದೆ ಬಂದರು. "ನೋಡ್ರಿ ಮಕ್ಕಳೇ, ಬಸವಂತಮ್ಮನವರದು ಎಂಥಾ ದೊಡ್ಡ ಮನಸ್ಸು! ಎಲ್ಲಾರೂ ಜೋರಾಗಿ—"

"ಚಪ್ಪಾಳಿ ಬ್ಯಾಡ್ರಿ ಸರ" ಅಂದೆ. ಜೋರಾಗಿಯೇ ಅಂದೆ. ಎತ್ತಿದ ಕೈಗಳು ಹಾಗೆಯೇ ನಿಂತವು.

ಅನುರಾಧಾ ಸೌಭಾಗ್ಯಳ ಕೈಗೆ ಚಾಕ್ ಕೊಟ್ಟಳು. ಹುಡುಗಿ ಗೋಡೆಯ ಕರಿಹಲಗೆಯ ಮೇಲೆ ಎರಡು ತಟ್ಟೆ ಬರೆದಳು. ಮೊದಮೊದಲು ದನಿ ಕೇಳಲೇ ಇಲ್ಲ. ಹದಿಮೂರು ಸೇರಿಗೆ ಬರುವಷ್ಟರಲ್ಲಿ ಹಿಂದಿನ ಸಾಲಿನವರು ಮುಂದೆ ಬಂದಿದ್ದರು. ಒಬ್ಬ "ಇಪ್ಪತ್ತು ಹ್ಯಾಂಗ ಬೇ?" ಅಂದ. "ನೀನ ಮಾಡು, ಕಲ್ಲು ಅದಾವಲ್ಲ" ಅಂದಳು. ನಕ್ಕರು. ಬೇರೆ ನಗು.

ಗಂಟೆ ಹೊಡೆಯಿತು. ಮಕ್ಕಳು ಚದುರಿದವು. ಅವಳು ಗೇಟಿನ ಕಡೆ ನಡೆದಳು. ತಾಯಿಯ ಹತ್ತಿರ ಏನೋ ಮಾತಾಡಿದಳು, ಹಣಮಮ್ಮ ಸೆರಗಿನಿಂದ ಅವಳ ಮುಖದ ಚಾಕ್ ಪುಡಿ ಒರೆಸಿದಳು. ಗಂಟಿನಿಂದ ಯೂನಿಫಾರಂ ತೆಗೆದುಕೊಟ್ಟಳು. ಮಿಕ್ಕ ಗಂಟನ್ನು ಬಗಲಿಗೆ ಸೇರಿಸಿ, ನನ್ನ ಕಡೆ ನೋಡದೆ ಊರಿನ ಬಸ್ಸಿಗೆ ಹೊರಟಳು. ಒಬ್ಬಳೇ.

ಹುಡುಗಿ ಹಾಸ್ಟೆಲಿನ ಕಡೆ ಹೋಗುತ್ತ ನನ್ನ ಮುಂದೆಯೇ ಹಾದಳು. ಕೇಳಬಾರದಿತ್ತು. ಕೇಳಿದೆ.

"ಸಿಟ್ಟು ಹೋತೇನವ್ವ?"

ನಿಂತಳು. ಯೋಚಿಸಿದಳು, ಒಗಟಿಗೆ ಯೋಚಿಸಿದ ಹಾಗೆ.

"ಇಲ್ರಿ."

ಹೇಳಿ ಒಳಗೆ ಹೋದಳು.

ಕಾರಿನಲ್ಲಿ ಅನುರಾಧಾ, "ಸಣ್ಣ ಹುಡುಗಿ ಅತ್ತಿ, ಹೋಗ್ತದ ಸಿಟ್ಟು" ಅಂದಳು. ಹೋಗಲಿ ಅನ್ನುವ ಆಸೆ ನನಗಿದೆ. ಆದರೆ ಹುಡುಗಿ ಅಂದದ್ದು ಸರಿ. ಅವಳ ಜಾಗದಲ್ಲಿ ನಾನಿದ್ದರೆ, ವಯಸ್ಸಾದವಳೊಬ್ಬಳು ಬಿಸಿಲಲ್ಲಿ ನಿಂತು ಅಷ್ಟು ಹೇಳಿದ ಮಾತ್ರಕ್ಕೆ, ನಾನೂ ಸಿಟ್ಟು ಬಿಡುತ್ತಿರಲಿಲ್ಲ.