ತಿರುಗಿ ನೋಡದ ಡಿಫೆಂಡರ್

ಮೇ ೧೨, ಸೋಮವಾರ

ಪ್ರೀತಿಯ ಉದ್ದಣ್ಣಾ,

ಕ್ಷೇಮವಾಗಿದ್ದೀಯಾ? ಅತ್ತಿಗೆಯ ಮಂಡಿನೋವು ಹೇಗಿದೆ? ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಉತ್ತರ ಬರೆಯಲು ಪುರುಸೊತ್ತಿರಲಿಲ್ಲ ಎಂದರೆ ನೀನು ನಗುತ್ತೀಯ. ಗೋಲ್‌ಕೀಪರ್‌ಗೆ ಇರುವುದೇ ಪುರುಸೊತ್ತು ಎಂದು ರೇಗಿಸುತ್ತಿದ್ದವನು ನೀನೇ ಅಲ್ಲವೇ? ಬಯ್ಯಬೇಡ, ಪೂರ್ತಿ ಓದು.

ಸುದ್ದಿ ಏನೆಂದರೆ, ಮುಂದಿನ ಶನಿವಾರ ನನ್ನ ಕೊನೆಯ ಆಟ. ಹದಿನೇಳು ವರ್ಷ ಒಂದೇ ಕ್ಲಬ್ಬು, ಬಟ್ಟೆ ಬದಲಿಸುವ ಕೋಣೆಯಲ್ಲಿ ಕಿಟಕಿ ಪಕ್ಕದ ಅದೇ ಗೂಟ. ಎಡಗೈ ಕಿರುಬೆರಳು ಈಗ ಪೂರ್ತಿ ಮಡಚುವುದಿಲ್ಲ. ಪತ್ರಿಕೆಯವರು ನನ್ನನ್ನು ‘ನಂಬಿಕಸ್ಥ’ ಎಂದೇ ಬರೆಯುತ್ತಾರೆ. ಮನೆಯಲ್ಲಿ ಕೈಯಿಂದ ಲೋಟ ಜಾರಿದರೆ ಸಾಕು, “ನೋಡೇ, ನಿಮ್ಮಪ್ಪ ನಂಬಿಕಸ್ಥರು!” ಎಂದು ನನ್ನವಳು ಮಗಳನ್ನು ಕರೆದು ತೋರಿಸುತ್ತಾಳೆ.

ನಿನ್ನ ಜಾಗದಲ್ಲಿ ಈಗ ಆಡುವ ಡಿಫೆಂಡರ್ ಒಳ್ಳೆಯವನೇ. ಆದರೆ ನಾನು “ಬಿಡು, ಬಂದೆ!” ಎಂದು ಕೂಗಿದಾಗಲೆಲ್ಲ ಒಮ್ಮೆ ಹಿಂತಿರುಗಿ ನೋಡುತ್ತಾನೆ. “ಯಾಕಯ್ಯಾ, ನನ್ನ ಮೇಲೆ ನಂಬಿಕೆ ಇಲ್ವಾ?” ಅಂದೆ. “ಇದೆ ಸರ್, ಆದ್ರೂ ನೋಡಿದ್ರೆ ತಪ್ಪೇನು?” ಅಂದ. ಎಂಟು ವರ್ಷ ನನ್ನ ಮುಂದೆ ಆಡಿದ ನೀನು ಒಂದು ದಿನವೂ ತಿರುಗಿ ನೋಡಲಿಲ್ಲ. ನಾನು ಕೂಗಿದರೆ ಚೆಂಡು ನನ್ನದು, ನೀನು ಪಕ್ಕಕ್ಕೆ. ಅದೇ ನಮ್ಮ ಕರಾರು.

ಬೀಳ್ಕೊಡುಗೆಗೆಂದು ಕ್ಲಬ್ಬಿನವರು ಒಂದು ಪುಸ್ತಿಕೆ ಮಾಡಿಸುತ್ತಿದ್ದಾರೆ. ಅದರ ಕರಡನ್ನು ಮೊನ್ನೆ ಊಟಕ್ಕೆ ಕೂತಾಗ ಮಗಳು ಜೋರಾಗಿ ಓದಿದಳು. ಒಂಬತ್ತು ವರ್ಷದ ಹಿಂದೆ ನಾವು ಸೋತ ಆ ಫೈನಲ್‌ನ ಕೊನೆಯ ಗೋಲಿಗೆ ‘ಡಿಫೆಂಡರ್ ನಿದ್ದೆಹೋದ ಗೋಲು’ ಎಂದು ಬರೆದಿದ್ದಾರೆ. “ಅಪ್ಪಾ, ದೊಡ್ಡಪ್ಪ ಅಷ್ಟೊಂದು ಕೆಟ್ಟದಾಗಿ ಆಡಿದ್ರಾ?” ಎಂದು ಕೇಳಿದಳು. “ತಟ್ಟೆ ನೋಡ್ಕೊಂಡು ಊಟ ಮಾಡು” ಎಂದು ಗದರಿಸಿದೆ. ಆಮೇಲೆ ನಾನೇ ಅರ್ಧ ಊಟಕ್ಕೆ ಎದ್ದು ಕೈ ತೊಳೆದೆ.

ಶನಿವಾರ ನೀನು ಬರಬೇಕು. ನಿನ್ನ ಸೈಕಲ್ ಅಂಗಡಿಗೆ ಒಂದು ದಿನ ಬೀಗ ಹಾಕಿದರೆ ಊರಿನವರೇನೂ ನಡೆದು ಸುಸ್ತಾಗುವುದಿಲ್ಲ. ಒಂಬತ್ತು ವರ್ಷದಿಂದ ಈ ಮೈದಾನದ ಕಡೆ ನೀನು ಕಾಲಿಟ್ಟಿಲ್ಲ. ಗೋಲಿನ ಹಿಂದಿನ ಸಾಲಿನಲ್ಲಿ ನಿನಗೂ ಅತ್ತಿಗೆಗೂ ಎರಡು ಕುರ್ಚಿ ಹಿಡಿದಿಟ್ಟಿದ್ದೇನೆ. ನೀನು ಬರದಿದ್ದರೆ ಆ ಹಾರ, ಭಾಷಣ ಒಂದೂ ನನಗೆ ಬೇಡ. ಮಕ್ಕಳಿಗೆ ನನ್ನ ಆಶೀರ್ವಾದ. ಎಲ್ಲರೂ ನೂರು ಕಾಲ ಚೆನ್ನಾಗಿರಿ.

ನಿನ್ನ,
ಗೋಲಿ

ತಾ.ಕ.: ಇದು ಮರೆತು ಉಳಿದ ಮಾತಲ್ಲ, ಉದ್ದಣ್ಣ. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಆ ಫೈನಲ್ ದಿನ ನಾನು “ಬಿಡು, ಬಂದೆ!” ಎಂದು ಕೂಗಿದ್ದೆ. ನೀನು ಎಂದಿನಂತೆ ಪಕ್ಕಕ್ಕೆ ಸರಿದೆ. ನಾನು ಎರಡು ಹೆಜ್ಜೆ ಇಟ್ಟು, ಎದುರಿಂದ ನುಗ್ಗಿ ಬರುತ್ತಿದ್ದವನನ್ನು ನೋಡಿ ಹೆದರಿ ನಿಂತುಬಿಟ್ಟೆ. ಜನರ ಗದ್ದಲದಲ್ಲಿ ನನ್ನ ಕೂಗು ಕೇಳಿಸಿದ್ದು ನಿನಗೊಬ್ಬನಿಗೇ. ನಿನ್ನನ್ನು ತಂಡದಿಂದ ತೆಗೆದರು. ನಾನು ತುಟಿ ಬಿಚ್ಚಲಿಲ್ಲ. ಇವತ್ತು ಬೆಳಗ್ಗೆ ಕರಡಿನ ಆ ಸಾಲನ್ನು ಹೊಡೆದುಹಾಕಿ, ‘ಗೋಲ್‌ಕೀಪರ್ ಕೂಗಿಯೂ ಬಾರದೆ ನಿಂತ ಗೋಲು’ ಎಂದು ನನ್ನ ಕೈಯಾರೆ ಬರೆದುಕೊಟ್ಟು ಬಂದೆ. ಮಗಳಿಗೂ ಹೇಳಿದೆ. “ಹಾಗಾದ್ರೆ ದೊಡ್ಡಪ್ಪ ಯಾಕೆ ಯಾರಿಗೂ ಹೇಳ್ಲಿಲ್ಲ?” ಎಂದಳು. ಅದನ್ನು ಅವಳಿಗೆ ನೀನೇ ಬಂದು ಹೇಳು.