ಸತ್ತ ಮಿಡತೆಗಳಿಗೆ ಹೆದರುವ ಕಚೇರಿಗೆ

ಆಮದು ತಪಾಸಣಾ ಕಚೇರಿಯ ಮುಖ್ಯಾಧಿಕಾರಿಗಳೇ,

ಬರುವ ಸೋಮವಾರ ತಮ್ಮ ಕಚೇರಿಯು ಒಂದು ಪೆಟ್ಟಿಗೆ ಸತ್ತ ಮಿಡತೆಗಳನ್ನು, ಅವು ಜೀವಂತವಾಗಿವೆ ಎಂಬ ಕಾರಣ ನೀಡಿ, ಸುಡಲಿದೆ. ಆ ಪೆಟ್ಟಿಗೆ ನನ್ನ ಹಳೆಯ ವಿದ್ಯಾರ್ಥಿನಿ ಭಾಗ್ಯಳದು. ಪೆಟ್ಟಿಗೆ ಸುಟ್ಟರೆ ಅವಳ ಆಮದು ಪರವಾನಗಿಯೂ ರದ್ದಾಗುತ್ತದೆ. ಅದರೊಂದಿಗೆ ಅವಳ ಜೀವನೋಪಾಯವೂ ಮುಗಿಯುತ್ತದೆ. ತಮ್ಮ ಬಾಗಿಲ ಹೊರಗೆ ಕುಳಿತು ಕುಳಿತು ಹಿಂದಿರುಗಿದ್ದೇನೆ. ಆದ್ದರಿಂದ ಈಗ ಊರಿಗೆಲ್ಲ ಕೇಳುವಂತೆ ಬರೆಯುತ್ತಿದ್ದೇನೆ.

ಭಾಗ್ಯ ಚಾಮರಾಜಪೇಟೆಯ ತನ್ನ ಮನೆಯ ಮುಂದಿನ ಕೋಣೆಯಲ್ಲಿ ಒಣ ಕೀಟಗಳನ್ನು ಸೂಜಿಗೆ ಚುಚ್ಚಿ, ರೆಕ್ಕೆ ಬಿಡಿಸಿ, ಗಾಜಿನ ಮುಚ್ಚಳದ ಪೆಟ್ಟಿಗೆಗಳಲ್ಲಿ ಜೋಡಿಸಿ ಕಾಲೇಜುಗಳ ಪ್ರಯೋಗಾಲಯಗಳಿಗೆ ಮಾರುತ್ತಾಳೆ. ನಮ್ಮ ಕಾಡಿನ ಒಂದು ಚಿಟ್ಟೆಯನ್ನೂ ಅವಳು ಮುಟ್ಟಿದವಳಲ್ಲ. ವಿದೇಶದಲ್ಲಿ ಸಾಕಿ, ಕೊಂದು, ಒಣಗಿಸಿ, ಕಾಗದದಲ್ಲಿ ಮಡಿಸಿ ಕಳುಹಿಸಿದವುಗಳನ್ನೇ ತರಿಸುತ್ತಾಳೆ. ಈ ಸಲ ಮಲೇಷ್ಯಾದಿಂದ ಬಂದವು ಅಂಗೈಯುದ್ದದ, ನೇರಳೆ ರೆಕ್ಕೆಯ ಮಿಡತೆಗಳು. ಹೊರಗಿನ ಕೀಟ ಒಳನುಗ್ಗಿದರೆ ಬೆಳೆಗೆ ಏನಾಗುತ್ತದೆಂಬುದನ್ನು ನಾನೇ ತರಗತಿಯಲ್ಲಿ ಬೋಧಿಸಿದ್ದೇನೆ. ನಿಯಮಗಳೇ ಬೇಡವೆಂದು ವಾದಿಸುವಷ್ಟು ಅವಿವೇಕ ನನಗಿಲ್ಲ. ಅವಳು ತಾವು ಕೇಳಿದ ಪ್ರಮಾಣಪತ್ರಗಳನ್ನೆಲ್ಲ ಒದಗಿಸಿದಳು. ಹಾಗಾದರೆ ತಪ್ಪಿದ್ದೆಲ್ಲಿ?

ತಪಾಸಣೆಯ ದಿನ ನಾನೂ ಅವಳೊಂದಿಗಿದ್ದೆ. ತಮ್ಮ ಸಿಬ್ಬಂದಿಯೊಬ್ಬರು ಮೊದಲ ಪೊಟ್ಟಣ ಬಿಚ್ಚುತ್ತಲೇ ಒಂದು ಕಾಲು ಪಟ್ಟನೆ ಮುರಿದು ಮೇಜಿನ ಮೇಲೆ ಬಿತ್ತು. ಭಾಗ್ಯಳ ಮುಖ ಬಾಡಿತು. ಈ ಕಸುಬಿನಲ್ಲಿ ಒಣ ಕೀಟವನ್ನು ಮುಟ್ಟುವ ಮುನ್ನ ಒದ್ದೆ ಬಟ್ಟೆಯಿರುವ ಡಬ್ಬಿಯಲ್ಲಿ ಒಂದು ರಾತ್ರಿ ಮುಚ್ಚಿಡುತ್ತಾರೆ; ಕೀಲುಗಳು ಮೆತ್ತಗಾಗಿ, ಮಡಿಸಿದಂತೆ ಬಾಗುತ್ತವೆ. ಉಳಿದ ಕಾಲುಗಳಾದರೂ ಉಳಿಯಲೆಂದು ಅವಳು ಆ ಸಿಬ್ಬಂದಿಯ ಅನುಮತಿ ಪಡೆದು ಪೆಟ್ಟಿಗೆಯೊಳಗೆ ಒದ್ದೆ ಬಟ್ಟೆ ಇಟ್ಟಳು. ಸರಿಯಾದ ಕ್ರಮವೆಂದು ನಾನೂ ತಲೆಯಾಡಿಸಿದೆ.

ಮರುದಿನ ತಪಾಸಣೆಯ ಕುರ್ಚಿಯಲ್ಲಿ ಬೇರೊಬ್ಬ ಅಧಿಕಾರಿಯಿದ್ದರು. ಅವರು ಪೆನ್ನಿನ ತುದಿಯಿಂದ ಒಂದು ಮಿಡತೆಯನ್ನು ಎತ್ತಿದರು. ಅದರ ಹಿಂಗಾಲು ಮೆಲ್ಲನೆ ಮಡಿಸಿಕೊಂಡಿತು. ಅವರು ಕುರ್ಚಿಸಮೇತ ಹಿಂದೆ ಸರಿದರು.

"ಸರ್, ಒದ್ದೆಬಟ್ಟೆ ಇಟ್ಟಿದ್ದು ನಾನೇ. ಕಾಲು ಮುರೀಬಾರ್ದು ಅಂತ," ಎಂದಳು ಭಾಗ್ಯ.

"ನೀವೇ ಒಪ್ಕೊಂಡ್ರಲ್ಲಮ್ಮ, ನೀರು ಕೊಟ್ಟು ಸಾಕ್ತಿದ್ರಿ ಅಂತ."

ಕಡತದಲ್ಲಿ ಆ ಮಾತು ತಪ್ಪೊಪ್ಪಿಗೆಯಾಗಿ ದಾಖಲಾಯಿತು. ಮಿಡತೆಗಳು 'ಸಜೀವ, ಬೆಳೆಗೆ ಅಪಾಯಕಾರಿ' ಎನಿಸಿಕೊಂಡವು. ಮಳೆಗಾಲದಲ್ಲಿ ಮೆತ್ತಗಾದ ಹಪ್ಪಳಕ್ಕೂ ತಮ್ಮ ಕಚೇರಿ ಪ್ರಾಣವಿದೆಯೆಂದು ಷರಾ ಬರೆಯುವುದೇ? ಇಡೀ ರಾತ್ರಿ ಬದುಕಿದ್ದ ಮಿಡತೆಗಳು ಒಂದೂ ಹಿಕ್ಕೆ ಹಾಕಿಲ್ಲವೇಕೆಂದು ನಾನು ಆ ಅಧಿಕಾರಿಯನ್ನು ವಿಚಾರಿಸಿದೆ. "ಅದೆಲ್ಲ ಸೈನ್ಸು ಮೇಡಂ. ನಮ್ದು ರೂಲ್ಸು," ಎಂದರು. ವಿಜ್ಞಾನವನ್ನು ಬಿಟ್ಟು ಕೀಟದ ಬಗ್ಗೆ ನಿಯಮ ಮಾಡುವ ಬಗೆ ಹೇಗೆಂಬುದನ್ನು ತಾವು ದಯವಿಟ್ಟು ತಿಳಿಸಿಕೊಡಬೇಕು; ಈ ವಯಸ್ಸಿನಲ್ಲೂ ಕಲಿಯಲು ನನಗೆ ಸಂಕೋಚವಿಲ್ಲ.

ಈಗ ಭಾಗ್ಯ ಆ ಕೋಣೆಯ ಬಾಗಿಲನ್ನೇ ತೆರೆಯುತ್ತಿಲ್ಲ. ಕಾಲೇಜಿನವರ ಫೋನು ಎತ್ತುತ್ತಿಲ್ಲ. ನಿನ್ನೆ ತರಕಾರಿ ಗಾಡಿಯ ಬಳಿ ಅವಳ ತಾಯಿ ಅಂಜಿನಮ್ಮ ನನ್ನ ಕೈ ಹಿಡಿದು, ದನಿ ತಗ್ಗಿಸಿ ಕೇಳಿದರು: "ಟೀಚರ್, ಪೊಲೀಸ್ನೋರು ಮನೆಗೆ ಬರ್ತಾರಾ?" ಬರುವುದಿಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಕಾರಣ, ಕಾಲು ಮಡಿಸಿಕೊಂಡದ್ದನ್ನೇ ಪ್ರಾಣವೆಂದು ಬರೆದವರು ನಾಳೆ ಇನ್ನೇನು ಬರೆದಾರೋ ಎಂಬ ಭಯ ನನಗೂ ಇದೆ.

ಸಂಗತಿ ಅಷ್ಟು ಕಠಿಣವೂ ಅಲ್ಲ, ಮಾನ್ಯರೇ. ಇಷ್ಟು ದೊಡ್ಡ ಮಿಡತೆ ಒಳಗಿನಿಂದ ಕೊಳೆಯಬಾರದೆಂದು ಸಾಕಣೆಯವರು ಒಣಗಿಸುವ ಮೊದಲೇ ಹೊಟ್ಟೆ ಸೀಳಿ, ಕರುಳು ತೆಗೆದು, ಹತ್ತಿ ತುಂಬುತ್ತಾರೆ. ಇದನ್ನು ಹೇಳಿ, ಒಂದನ್ನು ಸೀಳಿ ನೋಡಿ ಎಂದು ಅದೇ ಅಧಿಕಾರಿಯನ್ನು ಕೋರಿದೆ. ಅವರು ಕಡತ ಮುಚ್ಚುತ್ತ ಹೇಳಿದರು: "ಸೀಳೋಕೆ ನಮಗೆ ಪವರ್ ಇಲ್ಲ ಮೇಡಂ. ಸುಡೋಕೆ ಇದೆ."

ಆ ಅಧಿಕಾರ ಅವರಿಗಿಲ್ಲದಿದ್ದರೆ ತಮಗಿದೆ. ಸೋಮವಾರದ ಮೊದಲು ಒಬ್ಬ ಕೀಟತಜ್ಞರನ್ನು ಕರೆಸಿ, ತಾವೂ ಎದುರಿಗೆ ಕುಳಿತು, ತಮಗೆ ಬೇಕಾದ ಮಿಡತೆಯನ್ನು ತಾವೇ ಆರಿಸಿ ಹೊಟ್ಟೆ ಸೀಳಿಸಿ. ಕರುಳು ಸಿಕ್ಕರೆ ಪೆಟ್ಟಿಗೆಯನ್ನು ಸುಡಿ, ತಲೆಯಾಡಿಸಿದ ನನ್ನ ಮೇಲೂ ಮೊಕದ್ದಮೆ ಹೂಡಿ. ನಾನು ಬಂದು ನಿಲ್ಲುತ್ತೇನೆ. ಹತ್ತಿ ಸಿಕ್ಕರೆ ಪೆಟ್ಟಿಗೆಯನ್ನು ಭಾಗ್ಯಳ ಕೈಗೆ ಕೊಟ್ಟು, ಕಡತದಿಂದ 'ಸಜೀವ' ಎಂಬ ಪದವನ್ನು ತಮ್ಮ ಕೈಯಾರೆ ಹೊಡೆದುಹಾಕಿ, ಅವಳ ಮನೆಗೆ ಪೊಲೀಸರು ಬರುವುದಿಲ್ಲವೆಂದು ಅಂಜಿನಮ್ಮನವರಿಗೆ ಒಂದು ಸಾಲು ಬರೆದುಕೊಡಿ. ಕನ್ನಡದಲ್ಲಿ. ಅವರು ಓದಬಲ್ಲರು.

ಇಂತಿ,
ಹತ್ತಿ ತುಂಬಿದ ಹೊಟ್ಟೆ ಹಸಿಯುವುದಿಲ್ಲವೆಂದು ಸರ್ಕಾರಕ್ಕೆ ವಿವರಿಸಬೇಕಾಗಿ ಬಂದ,
ಕಾವೇರಮ್ಮ
ನಿವೃತ್ತ ಜೀವಶಾಸ್ತ್ರ ಶಿಕ್ಷಕಿ, ಚಾಮರಾಜಪೇಟೆ