ನಿಲ್ದಾಣದ ರಸ್ತೆಯಲ್ಲಿ ಬೀಗ ಹಾಕಿ ನಿಂತ ಗಾಡಿಗಳು

ಪುರಸಭೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಈಗ ಗುರುವಾರ ಸಂಜೆ ಆರೂವರೆ. ಬೆಳಿಗ್ಗೆಯಿಂದ ಎರಡು ಪಂಪ್‌ಸೆಟ್ ಮೋಟಾರು ಬಿಚ್ಚಿ ವೈಂಡಿಂಗ್ ಮಾಡಿದೆ. ಮಧ್ಯಾಹ್ನ ಅಂಚೆಯವರು ನಿಮ್ಮ ಕಚೇರಿಯ ಲಕೋಟೆ ಕೊಟ್ಟು ಹೋದರು. ಒಳಗೆ ಮೂರು ಸಾಲು ಇತ್ತು. ರೈಲು ನಿಲ್ದಾಣದ ರಸ್ತೆಯ ವಾಹನ ನಿಲುಗಡೆ ಬಗ್ಗೆ ನಾನು ಕೊಟ್ಟ ದೂರನ್ನು ಪರಿಶೀಲಿಸಲಾಗಿದೆಯಂತೆ. ಸದರಿ ದಿನ ದೂರುದಾರರು ತಂದಿದ್ದ ವಾಹನವೇ ನಿಷೇಧಿತ ಸ್ಥಳದಲ್ಲಿ ನಿಂತಿದ್ದುದು ಕಂಡುಬಂದಿದೆಯಂತೆ. ಆದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆಯಂತೆ.

ನೀವು ಬರೆದದ್ದು ನಿಜ. ಅದು ನಿಮಗೆ ಗೊತ್ತಾದದ್ದು ಹೇಗೆ ಎಂದರೆ, ನನ್ನ ದೂರಿನ ನಾಲ್ಕನೆಯ ಪುಟದಲ್ಲಿ ನಾನೇ ಅದನ್ನು ಬರೆದಿದ್ದೆ. ಆರು ಪುಟದಲ್ಲಿ ನಿಮಗೆ ಓದಲು ಸಿಕ್ಕಿದ್ದು ಆ ಒಂದು ಸಾಲು ಮಾತ್ರ. ಉಳಿದದ್ದನ್ನು ಬೇರೆಯವರಾದರೂ ಓದಲಿ ಎಂದು ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವನು. ಕಚೇರಿಯ ಭಾಷೆ ಬರುವುದಿಲ್ಲ. ಶಿಕಾರಿಪುರದಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಇಪ್ಪತ್ತೆರಡು ವರ್ಷದಿಂದ ದಿನಕ್ಕೆ ನಾಲ್ಕು ಸಾಲು ಡೈರಿ ಬರೆಯುತ್ತೇನೆ. ಇಲ್ಲಿ ಬರುವ ದಿನ, ಗಂಟೆ ಎಲ್ಲ ಅದರಿಂದಲೇ ತೆಗೆದದ್ದು.

ನಮ್ಮ ತಾಲ್ಲೂಕಿಗೆ ರೈಲು ಬರುತ್ತದೆ ಎಂದು ಕೇಳುತ್ತಲೇ ಇದ್ದೇವೆ. ಅದು ಬರುವವರೆಗೆ ನಮ್ಮ ಕಡೆಯ ಎಷ್ಟೋ ಜನರಿಗೆ, ಸೊರಬದ ಎಷ್ಟೋ ಜನರಿಗೆ ನಿಮ್ಮ ಊರಿನ ನಿಲ್ದಾಣವೇ ಗತಿ. ಬೆಳಗಿನ ಆರು ಐವತ್ತರ ರೈಲು ಹಿಡಿಯಬೇಕಾದರೆ ಮೊದಲ ಬಸ್ಸನ್ನು ನಂಬಿ ಕೂರುವಂತಿಲ್ಲ. ಬೈಕಿನಲ್ಲಿ ಬರುತ್ತೇವೆ. ಬೈಕನ್ನು ರೈಲಿಗೆ ಹತ್ತಿಸಲು ಆಗದ ಕಾರಣ ರಸ್ತೆಯಲ್ಲಿ ಬಿಡುತ್ತೇವೆ. ಇಷ್ಟೇ ನಮ್ಮ ಅಪರಾಧದ ಮೂಲ.

ಅಂಗಡಿಗೆ ತಾಮ್ರದ ತಂತಿ ತರಲು ನಾನು ಹನ್ನೊಂದು ವರ್ಷ ಆ ರಸ್ತೆಯಲ್ಲಿ ಗಾಡಿ ಬಿಟ್ಟು ರೈಲು ಹತ್ತಿದ್ದೇನೆ. ಒಂದು ದಿನವೂ ಹ್ಯಾಂಡಲ್ ಲಾಕ್ ಮಾಡಿರಲಿಲ್ಲ. ಯಾರೂ ಮಾಡುತ್ತಿರಲಿಲ್ಲ. ನಿಲ್ದಾಣದ ಗೇಟಿನ ಪಕ್ಕ ಶೇಷಮ್ಮನವರ ಚಹಾದಂಗಡಿ ಇತ್ತು. ಅಲ್ಲಿ ಮೊಳೆ ಹೊಡೆದ ಒಂದು ಹಲಗೆ. ಎಡಗಡೆ ಸೊರಬದವರ ಕೀಲಿ, ಬಲಗಡೆ ನಮ್ಮವು. ಸಂಜೆ ವಾಪಸಾಗುವವರ ಗಾಡಿ ಮುಂದೆ, ನಾಲ್ಕು ದಿನ ಬಿಟ್ಟು ಬರುವವರದು ಗೋಡೆಯ ಕಡೆಗೆ. ಕಾರು ಬಂದರೆ, ಆಟೋ ಬಂದರೆ ಶೇಷಮ್ಮನವರು ಕೀಲಿ ತೆಗೆದು ಎದುರು ಸಿಕ್ಕಿದವರ ಕೈಗೆ ಕೊಟ್ಟು ಗಾಡಿ ಸರಿಸಲು ಹೇಳುತ್ತಿದ್ದರು. ಅವರಿಗೆ ಓದು ಬರುತ್ತಿರಲಿಲ್ಲ. ಯಾವ ಕೀಲಿ ಯಾರದು ಎಂದು ಒಮ್ಮೆಯೂ ತಪ್ಪಿದ್ದಿಲ್ಲ.

ಮರೆತು ರೈಲಿನ ಕಡೆ ಓಡಿದರೆ ಹಿಂದಿನಿಂದ ಕೂಗು ಬರುತ್ತಿತ್ತು. "ಏ ಶಿಕಾರಿಪುರದೋರೇ, ಕೀಲಿ ಕೊಟ್ಟು ಹೋಗ್ತೀರೋ, ಗಾಡೀನೂ ಹೆಗಲ ಮೇಲೆ ಹೊತ್ಕಂಡು ಹೋಗ್ತೀರೋ?"

"ಸೊರಬದೋರಿಗೆ ಏನೂ ಅನ್ನಲ್ಲ ನೀವು!"

"ಅವ್ರು ಇಳಿಯಕಿಂತ ಮುಂಚೆನೇ ಕೀಲಿ ಕೈಯಾಗೆ ಹಿಡ್ಕಂಡಿರ್ತಾರೆ. ನಿಮ್ದು ಎಲ್ಲಾ ಆಮೇಲೆ."

ಕಳೆದ ನವೆಂಬರಿನಲ್ಲಿ ನಿಮ್ಮ ಆದೇಶ ಬಂತು. ಶೇಷಮ್ಮನವರ ಅಂಗಡಿ ಅನಧಿಕೃತ, ಅವರ ಹಲಗೆ ಅನಧಿಕೃತ, ನಮ್ಮ ಗಾಡಿಗಳೂ ಅನಧಿಕೃತ. ಅಂಗಡಿ ತೆಗೆಸಿದಿರಿ. ರಸ್ತೆಯ ಎರಡೂ ಬದಿ ಹಳದಿ ಗೆರೆ ಎಳೆಸಿದಿರಿ. ಗೆರೆ ಬಹಳ ನೇರವಾಗಿದೆ, ಅದರಲ್ಲಿ ನನ್ನ ತಕರಾರಿಲ್ಲ. ತಗಡಿನ ಬೇಲಿ ಹಾಕಿದ ಹೊಸ ಸ್ಟ್ಯಾಂಡು ಬಂತು. ಅದರ ಬಾಗಿಲು ತೆರೆಯುವುದು ಬೆಳಿಗ್ಗೆ ಎಂಟಕ್ಕೆ. ನಮ್ಮ ರೈಲು ಹೊರಟು ಒಂದು ಗಂಟೆ ಹತ್ತು ನಿಮಿಷವಾದ ಮೇಲೆ. ಈ ವೇಳೆಯನ್ನು ನಿಗದಿ ಮಾಡಿದವರು ರೈಲು ಯಾವಾಗ ಬರುತ್ತದೆಂದು ಯಾರನ್ನಾದರೂ ಕೇಳಿದ್ದರೇ? ಅಥವಾ ಪ್ರಯಾಣಿಕರಿಲ್ಲದ ಹೊತ್ತಿನಲ್ಲಿ ಸ್ಟ್ಯಾಂಡು ಶಿಸ್ತಾಗಿ ಕಾಣುತ್ತದೆ ಎಂಬ ಲೆಕ್ಕಾಚಾರವೇ?

ಆದೇಶದ ಮಾರನೆಯ ದಿನವೂ ಗಾಡಿಗಳು ಅದೇ ರಸ್ತೆಯಲ್ಲಿ ನಿಂತವು. ಬೇರೆ ಜಾಗ ಎಲ್ಲಿತ್ತು? ಬದಲಾದದ್ದು ಒಂದೇ. ಕೀಲಿ ಕೊಡಲು ಯಾರೂ ಇರಲಿಲ್ಲ. ಕಳ್ಳರ ಭಯಕ್ಕೆ, ನಿಮ್ಮವರು ಹೊತ್ತುಕೊಂಡು ಹೋಗುತ್ತಾರೆಂಬ ಭಯಕ್ಕೆ ಎಲ್ಲರೂ ಹ್ಯಾಂಡಲ್ ಲಾಕ್ ಮಾಡತೊಡಗಿದೆವು. ಸರಿಸಲು ಬರುತ್ತಿದ್ದ ನೂರು ಗಾಡಿಗಳನ್ನು ಸರಿಸಲು ಬಾರದ ನೂರು ಗಾಡಿಗಳನ್ನಾಗಿ ಮಾಡಿದ್ದು ನಿಮ್ಮ ಸುಧಾರಣೆ.

ನನ್ನ ಹೆಂಡತಿ ನಿರ್ಮಲಮ್ಮನಿಗೆ ಹೃದಯದ ಕವಾಟದ ತೊಂದರೆ ಇತ್ತು. ಜನವರಿ ಇಪ್ಪತ್ತಕ್ಕೆ ಬೆಂಗಳೂರಿನಲ್ಲಿ ಆಪರೇಷನ್ ನಿಗದಿಯಾಗಿತ್ತು. ಕಾರಿನಲ್ಲಿ ಏಳು ಗಂಟೆ ಕೂತರೆ ಅವಳಿಗೆ ಉಸಿರು ಕಟ್ಟುತ್ತಿತ್ತು. ರೈಲಿನಲ್ಲಾದರೆ ಮಲಗಿಸಿಕೊಂಡು ಹೋಗಬಹುದಿತ್ತು. ಮೆಟ್ಟಿಲು ಹತ್ತಿಸಬೇಡಿ, ನಡೆಸಬೇಡಿ ಎಂದು ಡಾಕ್ಟರು ಎರಡು ಸಲ ಹೇಳಿದ್ದರು. ಅದಕ್ಕೇ ಹತ್ತೊಂಬತ್ತರ ಬೆಳಿಗ್ಗೆ ನಾನು ಮುಂಚೆ ಹೊರಟೆ, ನಿಲ್ದಾಣದಲ್ಲಿ ಗಾಲಿಕುರ್ಚಿ ಕೇಳಿ ಗೇಟಿಗೆ ತಂದಿಡಲು. ನನ್ನ ಗಾಡಿ ಗ್ಯಾರೇಜಿನಲ್ಲಿತ್ತು. ಪಕ್ಕದ ಅಂಗಡಿಯ ಹೇಮಂತ್ ಅವರ ಬೈಕು ತೆಗೆದುಕೊಂಡಿದ್ದೆ. ಅವಳ ತಮ್ಮ ಚನ್ನೇಶ್ ಅವಳನ್ನು ಓಮ್ನಿಯಲ್ಲಿ ಕರೆತರುವುದೆಂದು ಮಾತಾಗಿತ್ತು.

ರಸ್ತೆಯ ತಿರುವಿನಲ್ಲಿ ಒಂದು ಜಾಗ ಸಿಕ್ಕಿತು. ಅರ್ಧ ಚಕ್ರ ಹೊರಗೆ ಬಂದಿತ್ತು. ಕಂಡವರ ಗಾಡಿ, ಏನಾದರೂ ಆದರೆ ಎಂದು ಹ್ಯಾಂಡಲ್ ಲಾಕ್ ಮಾಡಿ ಕೀಲಿ ಜೇಬಿಗೆ ಹಾಕಿದೆ. ಹಾಕಿ ಎರಡು ಸಲ ಎಳೆದೂ ನೋಡಿದೆ.

ಮುಂದಿನದು ಚನ್ನೇಶ್ ಹೇಳಿದ್ದು. ಆರೂಕಾಲಿಗೆ ಓಮ್ನಿ ತಿರುವಿಗೆ ಬಂತು. ಎರಡು ಬೈಕುಗಳ ನಡುವೆ ದಾರಿ ಸಾಲಲಿಲ್ಲ. ಹಾರನ್ ಹೊಡೆದ. ಇಳಿದು ಹಿಂದಿನ ಚಕ್ರ ಎತ್ತಿ ಎಳೆದ. ಬರಲಿಲ್ಲ. ಹಾಲಿನ ಗಾಡಿಯವರು, "ಬೀಗ ಹಾಕ್ಯಾರಪ್ಪ, ರೈಲು ಹತ್ತಾಕೆ ಹೋದೋರು ಎಲ್ಲಿಂದ ಬರ್ತಾರೆ" ಎಂದರಂತೆ. ಚನ್ನೇಶ್ ನನಗೆ ಫೋನ್ ಮಾಡಲು ಹೋದಾಗ ಇವಳು ತಡೆದಳು. "ಬ್ಯಾಡೋ, ಅವ್ರು ಗಾಬರಿ ಆಗ್ತಾರೆ. ನಾಕು ಹೆಜ್ಜೆ, ನಡೀತೀನಿ ಬಾ."

ನಾಲ್ಕು ಹೆಜ್ಜೆ ಅಲ್ಲ. ಆಮೇಲೆ ನಾನು ಎಣಿಸಿದ್ದೇನೆ, ನಾನೂರ ಹನ್ನೆರಡು. ನಾನು ಗೇಟಿನಲ್ಲಿ ಕುರ್ಚಿ ಹಿಡಿದು ನಿಂತಿದ್ದೆ. ಮಂಜಿನಲ್ಲಿ ಅವಳು ತಮ್ಮನ ತೋಳು ಹಿಡಿದುಕೊಂಡು ಬರುವುದು ಕಂಡಿತು. ಮುಖ ಬೆವರಿತ್ತು. ಕುರ್ಚಿ ನೋಡಿ ಸ್ವಲ್ಪ ನಕ್ಕಳು. "ಈಗ ತಂದ್ರೇನ್ರೀ? ನಡ್ದು ಮುಗೀತಲ್ಲ." ಕೂತಳು. ನೀರು ಕೇಳಿದಳು. ಬಾಟಲಿಯ ಮುಚ್ಚಳ ತೆಗೆಯುವಷ್ಟರಲ್ಲಿ ತಲೆ ಒಂದು ಕಡೆಗೆ ವಾಲಿತು, ಉಸಿರು ನಿಂತಿತ್ತು. ರೈಲು ಸರಿಯಾದ ಸಮಯಕ್ಕೆ ಬಂತು, ಸರಿಯಾದ ಸಮಯಕ್ಕೆ ಹೋಯಿತು.

ಅವಳನ್ನು ಗಾಲಿಕುರ್ಚಿಯಲ್ಲೇ ಓಮ್ನಿಯವರೆಗೆ ತಳ್ಳಿಕೊಂಡು ಬಂದಾಗ ಚನ್ನೇಶ್ ಆ ಬೈಕನ್ನು ಕಾಲಿನಿಂದ ಒದ್ದ. "ಇದೇ ರೀ ಭಾವ, ಈ ಬೋಳೀಮಗನ ಗಾಡಿ" ಎಂದ. ನಾನು ಜೇಬಿನಿಂದ ಕೀಲಿ ತೆಗೆದು, ಲಾಕ್ ಬಿಚ್ಚಿ, ಗಾಡಿ ಸರಿಸಿದೆ. ಅವನು ಓಮ್ನಿಯ ಬಾಗಿಲು ತೆಗೆದ. ಆ ದಿನದ ಡೈರಿಯಲ್ಲಿ ಒಂದೇ ಸಾಲಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಹೀಗಾಗಿ, ಮಾನ್ಯರೇ, ನನ್ನ ಪಾಲಿನ ತಪ್ಪನ್ನು ನೀವು ಮೂರು ಸಾಲಿನಲ್ಲಿ ತಿಳಿಯಪಡಿಸುವ ಅಗತ್ಯವಿರಲಿಲ್ಲ. ಅದು ನನಗೆ ದಿನಾ ಬೆಳಿಗ್ಗೆ ತಿಳಿಯುತ್ತದೆ. ನಾನು ಕೇಳಿದ್ದು ನಿಮ್ಮ ಪಾಲು ಎಷ್ಟು ಎಂದು. ತಪ್ಪು ಮಾಡಿದವನು ದೂರು ಕೊಡಬಾರದು ಎಂಬುದು ನಿಯಮವಾದರೆ, ಆ ರಸ್ತೆಯ ಬಗ್ಗೆ ದೂರು ಕೊಡುವ ಅರ್ಹತೆ ಯಾರಿಗಿದೆ? ಅಲ್ಲಿ ಗಾಡಿ ನಿಲ್ಲಿಸದವನಿಗೆ ಆ ರಸ್ತೆಯ ಕಷ್ಟ ಗೊತ್ತಿಲ್ಲ. ನಿಲ್ಲಿಸಿದವನ ಮಾತು ನೀವು ಕೇಳುವುದಿಲ್ಲ. ಇದಕ್ಕಿಂತ ಸುಲಭದ ಆಡಳಿತ ಇನ್ನೇನಿದೆ?

ನನಗೆ ಪರಿಹಾರ ಬೇಡ. ಆರು ಐವತ್ತರ ರೈಲಿಗೆ ಬರುವವರಿಗಾಗಿ ಸ್ಟ್ಯಾಂಡನ್ನು ಐದೂವರೆಗೆ ತೆರೆಸಿ. ತಿರುವಿನಿಂದ ಗೇಟಿನವರೆಗೆ ಒಂದು ಬದಿಯಲ್ಲಿ ಯಾರ ಗಾಡಿಯೂ ನಿಲ್ಲದಂತೆ, ನನ್ನದೂ ನಿಲ್ಲದಂತೆ, ನೋಡಿಕೊಳ್ಳಲು ಬೆಳಗಿನ ಹೊತ್ತು ಒಬ್ಬರನ್ನು ನೇಮಿಸಿ. ಶೇಷಮ್ಮನವರು ಈಗ ಮಗಳ ಮನೆಯಲ್ಲಿದ್ದಾರೆ. ಕರೆದರೆ ಬರುತ್ತಾರೆ, ನಾನು ಕೇಳಿದ್ದೇನೆ. ಅವರಿಗೆ ಗುರುತಿನ ಚೀಟಿ ಕೊಟ್ಟು ಅಧಿಕೃತರನ್ನಾಗಿ ಮಾಡಿ, ನಿಮಗೆ ಆ ಪದ ಅಷ್ಟು ಮುಖ್ಯವಾದರೆ. ಮತ್ತು ನನ್ನ ದೂರನ್ನು ಮತ್ತೆ ತೆರೆಯಿರಿ. ಬರೆದವನ ತಪ್ಪನ್ನೂ ಸೇರಿಸಿಯೇ ವಿಚಾರಣೆ ಮಾಡಿ. ನಾನು ಬಂದು ನಿಲ್ಲುತ್ತೇನೆ.

ಇದನ್ನು ಬರೆಯುವಾಗ ನಡುವೆ ಒಂದು ಫೋನ್ ಬಂತು. ಸೊರಬದ ಭೀಮಣ್ಣ. ಶೇಷಮ್ಮನವರ ಅಂಗಡಿಯಲ್ಲಿ ಪರಿಚಯವಾದವರು. ಅವರ ತಾಯಿ ಗುಡ್ಡಮ್ಮನವರಿಗೂ ಹೃದಯದ ತೊಂದರೆ, ಅದೇ ಬೆಂಗಳೂರು, ಅದೇ ರೈಲು.

"ಬೆನಕಪ್ಪೋರೆ, ರಸ್ತೆ ಈಗ ಹೆಂಗಿದೆ?"

"ಹಂಗೇ ಐತ್ರೀ."

"ಅವ್ವನ್ನ ಕರ್ಕಂಡು ಬರ್ತಾ ಇದೀನಲ್ಲ ಮಾರಾಯ್ರೆ, ಏನು ಮಾಡ್ಲಿ?"

"ಎಷ್ಟು ತೂಕ ಅದಾರೆ?"

"ನಲವತ್ತೆಂಟು ಕೇಜಿ. ಯಾಕೆ?"

"ಹಂಗಾದ್ರೆ ಇಬ್ರು ಸಾಕು ಬಿಡ್ರೀ."

ನಾಳೆ ಶುಕ್ರವಾರ. ಆರು ಗಂಟೆಗೆ ಅವರ ಕಾರು ತಿರುವಿಗೆ ಬರುತ್ತದೆ. ಅಲ್ಲಿಂದ ಗೇಟಿನವರೆಗೆ ಗುಡ್ಡಮ್ಮನವರನ್ನು ಭೀಮಣ್ಣ ಮತ್ತು ನಾನು ಎತ್ತಿಕೊಂಡು ಹೋಗುತ್ತೇವೆ.

ಇಂತಿ,
ತಮ್ಮಿಂದ ಮುಕ್ತಾಯಗೊಂಡ ದೂರುದಾರ,
ಬೆನಕಪ್ಪ
ಶಿಕಾರಿಪುರ